ಕಂದು ರೋಗದ ರೋಗಾಣು ಏನು ತಿನ್ನುತ್ತದೆ?

ಬೀದರ್, ಕಲಬುರಗಿ, ಯಾದಗಿರಿ ಕಡೆ ದನ ಸಾಕುವವರಿಗೆ ಕಂದು ರೋಗವನ್ನು ಬಿಡಿಸಿ ಹೇಳಬೇಕಿಲ್ಲ. ಗಬ್ಬದ ಆಕಳು ಚೆನ್ನಾಗಿಯೇ ಮೇಯುತ್ತಿರುತ್ತದೆ. ಸೊರಗಿರುವುದಿಲ್ಲ, ಮೇವು ಬಿಟ್ಟಿರುವುದಿಲ್ಲ. ಐದು ತಿಂಗಳು ದಾಟಿದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಕಂದು ಹಾಕುತ್ತದೆ, ಅಂದರೆ ದಿನ ತುಂಬುವ ಮೊದಲೇ ಕರು ಬಿದ್ದುಹೋಗುತ್ತದೆ. ಎಷ್ಟೋ ಸಲ ಮಾಸು (ಗರ್ಭದಲ್ಲಿ ಕರುವಿಗೆ ಆಹಾರ ಒದಗಿಸುವ ಪೊರೆ) ಪೂರ್ತಿ ಬೀಳುವುದಿಲ್ಲ. ಹಾಲು ಕಮ್ಮಿಯಾಗುತ್ತದೆ, ಮತ್ತೆ ಗಬ್ಬ ನಿಲ್ಲುವುದೂ ತಡವಾಗುತ್ತದೆ.

ಇದಕ್ಕೆ ಕಾರಣ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಬ್ರಿಟಿಷ್ ಸೇನಾ ವೈದ್ಯರು ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ದೇಹದಲ್ಲಿ ಇದನ್ನು ಗುರುತಿಸಿದರು. ಹತ್ತು ವರ್ಷದ ನಂತರ, 1897ರಲ್ಲಿ, ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ಆಕಳು ಕಂದು ಹಾಕಿದ ಕಡೆ ಇಂಥದೇ ರೋಗಾಣುವನ್ನು ಕಂಡರು. ಸೈನಿಕರಿಗೆ ರೋಗ ಬಂದದ್ದು ಆಡಿನ ಹಾಲಿನಿಂದ ಎಂಬುದು 1905ರಲ್ಲಿ ಥೆಮಿಸ್ಟೊಕ್ಲಿಸ್ ಜಮಿತ್ ಅವರ ಕೆಲಸದಿಂದ ಬಯಲಾಯಿತು. ಅಂದರೆ ಯಾವ ರೋಗಾಣು, ಎಲ್ಲಿಂದ ಬರುತ್ತದೆ ಅನ್ನುವುದು ನೂರು ವರ್ಷದ ಹಿಂದೆಯೇ ಗೊತ್ತಾಗಿತ್ತು.

ಗೊತ್ತಿಲ್ಲದ್ದು ಬೇರೆಯೇ ಇತ್ತು. ಈ ರೋಗಾಣು ಆಕಳ ಮೈಯಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಮ್ನೆ ಇರುತ್ತದೆ. ಲಿಂಫ್ ಗಂಟುಗಳಲ್ಲಿ, ರೋಗ ತಡೆಯಬೇಕಾದ ಮ್ಯಾಕ್ರೋಫೇಜ್ ಜೀವಕೋಶಗಳ ಒಳಗೇ ಅಡಗಿ ಕೂತಿರುತ್ತದೆ. ಗಬ್ಬ ನಿಲ್ಲದ ಎಳೆಯ ಮಣಕಗಳಲ್ಲಿ ಅದರ ಆಟ ಅಷ್ಟಾಗಿ ನಡೆಯುವುದೇ ಇಲ್ಲ. ಗಬ್ಬ ಬಲಿತಾಗ ಮಾತ್ರ ಮಾಸಿಗೆ ನುಗ್ಗಿ ಕೋಟಿಗಟ್ಟಲೆ ಬೆಳೆಯುತ್ತದೆ. ಯಕೃತ್ತಿಗೂ ರಕ್ತ ಹೋಗುತ್ತದೆ, ಮೂತ್ರಪಿಂಡಕ್ಕೂ ಹೋಗುತ್ತದೆ. ಹಾಗಿದ್ದ ಮೇಲೆ ಮಾಸೇ ಯಾಕೆ?

1960ರ ಸುಮಾರಿಗೆ ಇಂಗ್ಲೆಂಡಿನ ಪೋರ್ಟನ್ ಡೌನ್ ಸಂಶೋಧನಾ ಕೇಂದ್ರದಲ್ಲಿ ಹ್ಯಾರಿ ಸ್ಮಿತ್ ಮತ್ತು ಅವರ ಜೊತೆಗಾರರು ಈ ಪ್ರಶ್ನೆಯನ್ನು ತುಂಬ ನೇರವಾಗಿ ಹಿಡಿದರು. ರೋಗ ತಗುಲಿದ ಕರುವಿನ, ಮಾಸಿನ ಭಾಗಗಳನ್ನು ಅರೆದು, ಸೋಸಿ, ಯಾವ ಅಂಶ ಹಾಕಿದರೆ ಬ್ರುಸೆಲ್ಲಾ ಜೋರಾಗಿ ಬೆಳೆಯುತ್ತದೆ ಅಂತ ಒಂದೊಂದಾಗಿ ನೋಡುತ್ತ ಹೋದರು. ಕೊನೆಗೆ ಕೈಗೆ ಸಿಕ್ಕಿದ್ದು ಎರಿತ್ರಿಟಾಲ್ ಎಂಬ ಚಿಕ್ಕ ಅಣು. 1962ರಲ್ಲಿ ಇದು ಪ್ರಕಟವಾಯಿತು. ಆಕಳು, ಕುರಿ, ಆಡು, ಹಂದಿಗಳ ಮಾಸಿನಲ್ಲಿ ಎರಿತ್ರಿಟಾಲ್ ಇತ್ತು. ಮನುಷ್ಯ, ಇಲಿ, ಮೊಲ, ಗಿನಿಪಿಗ್‌ಗಳ ಮಾಸಿನಲ್ಲಿ ಅವರಿಗೆ ಸಿಗಲಿಲ್ಲ. ಆಮೇಲೆ ಹೋರಿ, ಟಗರು, ಹೋತಗಳ ಸಂತಾನ ಅಂಗಗಳಲ್ಲೂ ಅದು ಕಂಡಿತು. ಈ ರೋಗದಲ್ಲಿ ಗಂಡು ಪ್ರಾಣಿಗಳ ಬೀಜ ಬಾತುಕೊಳ್ಳುವುದನ್ನು ನೋಡಿದವರಿಗೆ ಇದರ ಅರ್ಥ ತಟ್ಟನೆ ಹೊಳೆಯುತ್ತದೆ. ಇನ್ನೂ ಒಂದು ವಿಷಯವಿದೆ. ಆಕಳುಗಳಲ್ಲಿ ಕಾಣುವ ಬಗೆಯಾದ ಬ್ರುಸೆಲ್ಲಾ ಅಬಾರ್ಟಸ್‌ಗೆ ಗ್ಲೂಕೋಸ್ ಮತ್ತು ಎರಿತ್ರಿಟಾಲ್ ಎರಡನ್ನೂ ಕೊಟ್ಟರೆ ಅದು ಮೊದಲು ಎರಿತ್ರಿಟಾಲ್‌ಗೆ ಕೈ ಹಾಕುತ್ತದೆ. ಗ್ಲೂಕೋಸ್ ಎದುರಿಗಿದ್ದರೂ!

ಸಕ್ಕರೆಯೇ, ಆದರೆ ಸ್ವಲ್ಪ ಬೇರೆ

ಎರಿತ್ರಿಟಾಲ್ ಸಕ್ಕರೆ ಆಲ್ಕೋಹಾಲ್ ಎಂಬ ಗುಂಪಿಗೆ ಸೇರಿದ್ದು. ಇದರಲ್ಲಿ ನಶೆ ಗಿಶೆ ಏನೂ ಇಲ್ಲ. ಗ್ಲೂಕೋಸ್‌ನಂಥ ಸಕ್ಕರೆಯ ಅಣುವಿನಲ್ಲಿ ಒಂದು ಕಡೆ ಇಂಗಾಲಕ್ಕೆ ಆಮ್ಲಜನಕ ಜೋಡಿ ಬಂಧದಲ್ಲಿ ಅಂಟಿರುತ್ತದೆ. ಅಲ್ಲಿಗೆ ಎರಡು ಹೈಡ್ರೋಜನ್ ಸೇರಿಸಿದರೆ ಸಕ್ಕರೆ ಆಲ್ಕೋಹಾಲ್ ಆಯಿತು. ಗ್ಲೂಕೋಸ್ ಹೀಗೆ ಬದಲಾದರೆ ಸಾರ್ಬಿಟಾಲ್. ಗ್ಯಾಲಕ್ಟೋಸ್ ಬದಲಾದರೆ ಗ್ಯಾಲಕ್ಟಿಟಾಲ್. ಇವುಗಳಲ್ಲಿ, ಮತ್ತೆ ಮ್ಯಾನಿಟಾಲ್‌ನಲ್ಲಿ, ಆರು ಇಂಗಾಲ. ಝೈಲಿಟಾಲ್‌ನಲ್ಲಿ ಐದು, ಎರಿತ್ರಿಟಾಲ್‌ನಲ್ಲಿ ನಾಲ್ಕು, ಗ್ಲಿಸರಾಲ್‌ನಲ್ಲಿ ಮೂರೇ.

ಇವು ನಮಗೆ ಅಪರಿಚಿತವೇನಲ್ಲ. ಕಲಬುರಗಿಯ ಯಾವುದೇ ಮೆಡಿಕಲ್ ಅಂಗಡಿಯಲ್ಲಿ ಸಕ್ಕರೆ ಇಲ್ಲದ ಕೆಮ್ಮಿನ ಔಷಧಿಯ ಬಾಟಲಿ ತಿರುಗಿಸಿ ಓದಿದರೆ ಸಾರ್ಬಿಟಾಲ್ ಹೆಸರು ಸಿಗುವ ಸಂಭವ ಜಾಸ್ತಿ. ಶುಗರ್ ಫ್ರೀ ಚ್ಯೂಯಿಂಗ್ ಗಮ್‌ನಲ್ಲಿ ಇದೆ. ಸೇಬಿನಲ್ಲಿ ತಾನಾಗಿಯೇ ಇದೆ. ತಲೆಗೆ ಪೆಟ್ಟು ಬಿದ್ದು ಮೆದುಳು ಬಾತಾಗ ಆಸ್ಪತ್ರೆಯಲ್ಲಿ ಮ್ಯಾನಿಟಾಲ್ ಡ್ರಿಪ್ ಹಾಕುತ್ತಾರೆ. ನಮ್ಮ ದೇಹವೂ ಸಾರ್ಬಿಟಾಲ್ ತಯಾರಿಸುತ್ತದೆ. ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವ ಗ್ಲೂಕೋಸನ್ನು ಸಾರ್ಬಿಟಾಲ್ ಮಾಡುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಈ ದಾರಿ ಹೆಚ್ಚು ಓಡುತ್ತದೆ. ಅದೂ ಒಂದು ಕಾರಣವಾಗಿ ಕಣ್ಣಿನ ಮಸೂರ, ನರ ಕೆಡುತ್ತವೆ. ಈ ಕಿಣ್ವದ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಸರಿ, ರೋಗಾಣುವಿಗೆ ಗ್ಲೂಕೋಸ್ ಬಿಟ್ಟು ಇದರ ಮೇಲೆ ಯಾಕೆ ಆಸೆ? ಶರಣಬಸವೇಶ್ವರ ಜಾತ್ರೆಯ ದಾಸೋಹದಲ್ಲಿ ಎಲ್ಲರೂ ಒಂದೇ ಸಾಲಿಗೆ ನುಗ್ಗಿದರೆ, ಪಕ್ಕದ ಖಾಲಿ ಸಾಲಿನಲ್ಲಿ ಕೂತವನಿಗೆ ಊಟ ಬೇಗ ಸಿಗುತ್ತದೆ ಅಲ್ವಾ? ದೇಹದೊಳಗೆ ಗ್ಲೂಕೋಸ್ ಆ ಗದ್ದಲದ ಸಾಲು. ನಮ್ಮ ಜೀವಕೋಶಗಳಿಗೂ ಅದೇ ಬೇಕು, ಕರುಳಿನ ಸಾವಿರಾರು ಬಗೆಯ ಬ್ಯಾಕ್ಟೀರಿಯಾಗಳಿಗೂ ಅದೇ ಬೇಕು. ಸಕ್ಕರೆ ಆಲ್ಕೋಹಾಲ್ ತಿನ್ನುವ ಸಲಕರಣೆ ಇರುವವರು ಕಡಿಮೆ.

ಆ ಸಲಕರಣೆ ಅಂದರೆ ಮೂರು ಸಂಗತಿ. ಆ ಅಣುವನ್ನು ಒಳಗೆ ಎಳೆದುಕೊಳ್ಳುವ ಬಾಗಿಲು ಬೇಕು. ಅದನ್ನು ಕಡಿದು ಮಾಮೂಲಿ ಸಕ್ಕರೆಯ ದಾರಿಗೆ ತರುವ ಕಿಣ್ವಗಳು ಬೇಕು. ಊಟ ಇದ್ದಾಗ ಮಾತ್ರ ಈ ಕೆಲಸ ಶುರುವಾಗಲು ಒಂದು ಸ್ವಿಚ್ಚೂ ಬೇಕು, ಇಲ್ಲದಿದ್ದರೆ ಸುಮ್ಮನೆ ಕಿಣ್ವ ತಯಾರಿಸಿ ಶಕ್ತಿ ಹಾಳು. ಬ್ಯಾಕ್ಟೀರಿಯಾಗಳಲ್ಲಿ ಇವುಗಳ ಜೀನ್‌ಗಳು ಸಾಮಾನ್ಯವಾಗಿ ಒಂದರ ಪಕ್ಕ ಒಂದು ಸಾಲಾಗಿ ಇರುತ್ತವೆ. ಅಂಥ ಸಾಲಿಗೆ ಆಪೆರಾನ್ ಅನ್ನುತ್ತಾರೆ.

ಇನ್ನೊಂದು ತೊಡಕಿದೆ. ಸಕ್ಕರೆಗಿಂತ ಇಲ್ಲಿ ಎರಡು ಹೈಡ್ರೋಜನ್ ಹೆಚ್ಚು ಎಂದೆನಲ್ಲ, ಅವುಗಳನ್ನು ತೆಗೆದು ಯಾವುದಕ್ಕಾದರೂ ದಾಟಿಸಬೇಕು. ಆಮ್ಲಜನಕವೋ ನೈಟ್ರೇಟೋ ಇದ್ದರೆ ಅವುಗಳಿಗೆ ದಾಟಿಸಿ ಶಕ್ತಿಯನ್ನೂ ಪಡೆಯಬಹುದು. ಆರೋಗ್ಯದ ಕರುಳಿನಲ್ಲಿ ಇವೆರಡೂ ಅಷ್ಟಾಗಿ ಸಿಗುವುದಿಲ್ಲ. ಕರುಳು ಉರಿಯೂತದಿಂದ ಕೆಂಪಾದಾಗ ನಮ್ಮ ರಕ್ಷಣಾ ಕೋಶಗಳೇ ನೈಟ್ರೇಟ್‌ನಂಥ ವಸ್ತುಗಳನ್ನು ಹೆಚ್ಚಿಸುತ್ತವೆ. ಭೇದಿ ತರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಅವುಗಳನ್ನು ಬಳಸಿ ಉಸಿರಾಡುತ್ತದೆ. ಬೇರೆಯವರಿಗೆ ಅರಗದ ಊಟ ಅದಕ್ಕೆ ಆಗ ಅರಗುತ್ತದೆ. ನಮ್ಮ ದೇಹ ರೋಗಾಣುವನ್ನು ಹೊಡೆಯಲು ಹೊತ್ತಿಸಿದ ಬೆಂಕಿಯಲ್ಲಿ ಅದು ಅಡುಗೆ ಮಾಡಿಕೊಳ್ಳುವುದು ಎಂದರೆ ಇದೇ.

ಒಂದು ಲಸಿಕೆ, ಒಂದು ಮುರಿದ ಜೀನ್

ಬ್ರುಸೆಲ್ಲಾ ಕಥೆಗೆ ಮರಳೋಣ. ನನಗೆ ಈ ವಿಷಯದಲ್ಲಿ ತುಂಬ ರುಚಿಸುವ ಭಾಗ ಇದು. ಬ್ರುಸೆಲ್ಲಾದಲ್ಲಿ ಎರಿತ್ರಿಟಾಲ್ ಅರಗಿಸುವ ಜೀನ್‌ಗಳಿಗೆ ಎರಿ ಎ, ಎರಿ ಬಿ, ಎರಿ ಸಿ, ಎರಿ ಡಿ ಎಂದು ಹೆಸರು. ಎ ಮೊದಲ ಕೆಲಸಗಾರ. ಬ್ಯಾಕ್ಟೀರಿಯಾದ ಶಕ್ತಿಯ ಹಣವಾದ ಎಟಿಪಿ ಖರ್ಚು ಮಾಡಿ ಎರಿತ್ರಿಟಾಲ್‌ಗೆ ಒಂದು ಫಾಸ್ಫೇಟ್ ಅಂಟಿಸುತ್ತದೆ. ಬಿ ಅದರಿಂದ ಹೈಡ್ರೋಜನ್ ತೆಗೆಯುತ್ತದೆ. ಸಿ ಮತ್ತು ಅದರ ಜೊತೆಯ ಇನ್ನಷ್ಟು ಕಿಣ್ವಗಳು ಅಣುವಿನ ಆಕಾರ ತಿರುಗಿಸುತ್ತವೆ. ಕೊನೆಗೆ ಬರುವುದು ಎರಿತ್ರೋಸ್ ಫಾಸ್ಫೇಟ್. ಅದು ಪೆಂಟೋಸ್ ಫಾಸ್ಫೇಟ್ ಎಂಬ ಮಾಮೂಲಿ ದಾರಿಗೆ ಸೇರಿಕೊಳ್ಳುತ್ತದೆ. ಡಿ ಈ ಸಾಲಿನ ಸ್ವಿಚ್. ಕೊನೆಯ ಹಂತಗಳ ಬಗ್ಗೆ ದಶಕಗಳ ಕಾಲ ಬೇರೆಯದೇ ಲೆಕ್ಕ ಇತ್ತು. ಸರಿಯಾದ ದಾರಿ ಗೊತ್ತಾದದ್ದು 2014ರಲ್ಲಿ.

ಈಗ ನಮ್ಮ ದನದ ದವಾಖಾನೆಗೆ ಬರೋಣ. ಕಂದು ರೋಗದ ವಿರುದ್ಧ ಹೆಣ್ಣು ಕರುಗಳಿಗೆ ಕೊಡುವ ಲಸಿಕೆಯಲ್ಲಿ ಸ್ಟ್ರೇನ್ 19 ಎಂಬ ಬ್ರುಸೆಲ್ಲಾ ಇರುತ್ತದೆ. ಜೀವಂತ ರೋಗಾಣುವೇ, ಆದರೆ ಬಲ ಕಳೆದುಕೊಂಡದ್ದು. 1923ರಲ್ಲಿ ಅಮೆರಿಕದ ಜಾನ್ ಬಕ್ ಒಂದು ಜರ್ಸಿ ಆಕಳ ಹಾಲಿನಿಂದ ಇದನ್ನು ಬೇರ್ಪಡಿಸಿದ್ದರು. ಪ್ರಯೋಗಾಲಯದಲ್ಲಿ ಮಾಮೂಲಿ ತಾಪಮಾನದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬಿದ್ದಿದ್ದ ಆ ಬ್ಯಾಕ್ಟೀರಿಯಾ ತನ್ನಷ್ಟಕ್ಕೆ ಮೆತ್ತಗಾಗಿತ್ತು.

ಎಷ್ಟೋ ವರ್ಷಗಳ ನಂತರ ಅದರ ಡಿಎನ್‌ಎ ಓದಿದಾಗ ಎರಿ ಸಿ ಮತ್ತು ಎರಿ ಡಿ ಜೀನ್‌ಗಳಿಗೆ ಸೇರಿದ 702 ಅಕ್ಷರಗಳ ತುಂಡೊಂದು ಕಾಣೆಯಾಗಿರುವುದು ತಿಳಿಯಿತು. ಅಂದರೆ ಎ ಮತ್ತು ಬಿ ಕೆಲಸ ಮಾಡುತ್ತವೆ, ಸಿ ಇಲ್ಲ. ಎರಿತ್ರಿಟಾಲ್ ಸಿಕ್ಕರೆ ಇದು ಒಳಗೆ ಎಳೆದುಕೊಳ್ಳುತ್ತದೆ, ಎಟಿಪಿ ಸುರಿದು ಫಾಸ್ಫೇಟ್ ಅಂಟಿಸುತ್ತದೆ, ಮುಂದಕ್ಕೆ ದಾರಿ ಇಲ್ಲ. ಅರ್ಧ ಅರಗಿದ ಸರಕು ಒಳಗೆ ತುಂಬುತ್ತದೆ, ಎಟಿಪಿ ಖಾಲಿಯಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಅಣ್ಣ ತಮ್ಮಂದಿರಿಗೆ ಹಬ್ಬದ ಊಟವಾದದ್ದು ಇದಕ್ಕೆ ವಿಷ.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆಂದ! ಮಾಸಿನಲ್ಲಿ ಎರಿತ್ರಿಟಾಲ್ ಇದೆ, ಲಸಿಕೆಯ ರೋಗಾಣು ಅದನ್ನು ತಿನ್ನಲಾರದು, ಅದಕ್ಕೇ ಅದು ಸಾಧು. ಬಹಳ ಕಡೆ ಹೀಗೇ ಬರೆದಿರುತ್ತಾರೆ. ಆದರೆ 1998ರಲ್ಲಿ ಸ್ಪೇನಿನ ಸಂಶೋಧಕರು ಇಲಿಗಳಲ್ಲಿ ಪರೀಕ್ಷಿಸಿ ನೋಡಿದಾಗ ಈ ಜೀನ್ ಮುರಿದಿರುವುದಕ್ಕೂ ಸ್ಟ್ರೇನ್ 19 ಮೆತ್ತಗಿರುವುದಕ್ಕೂ ಸಂಬಂಧ ಕಾಣಲಿಲ್ಲ. ಎರಿತ್ರಿಟಾಲ್ ತಿನ್ನಬಲ್ಲ ಸ್ಟ್ರೇನ್ 19 ತಳಿಗಳೂ ಇವೆ. ಗಬ್ಬದ ಆಕಳಿಗೆ ಈ ಲಸಿಕೆ ಕೊಟ್ಟರೆ ಅದೂ ಒಮ್ಮೊಮ್ಮೆ ಕಂದು ಹಾಕಿಸುತ್ತದೆ. ಆಡು-ಕುರಿಗಳಿಗೆ ಹಲವು ದೇಶಗಳಲ್ಲಿ ಬಳಸುವ ರೆವ್ 1 ಎಂಬ ಲಸಿಕೆಯ ತಳಿಗೆ ಎರಿತ್ರಿಟಾಲ್ ತೊಂದರೆಯನ್ನೇ ಕೊಡುವುದಿಲ್ಲ, ಆದರೂ ಅದು ಮೆತ್ತಗಿನದೇ. ಮಾಸಿನಲ್ಲಿ ಎರಿತ್ರಿಟಾಲ್ ಸಿಗದ ಮನುಷ್ಯರಲ್ಲೂ ಈ ರೋಗದಿಂದ ಗರ್ಭಪಾತ ಆಗುವುದುಂಟು.

ಹಾಗಾದರೆ ಎರಿತ್ರಿಟಾಲ್ ಸುಳ್ಳೇ? ಅಲ್ಲ. ಅದು ರೋಗಾಣುವಿಗೆ ಊಟವೂ ಹೌದು, ಸುಳಿವೂ ಹೌದು. ಆಡು-ಕುರಿಗಳಲ್ಲಿ ಕಾಣುವ ಬಗೆಯಾದ ಬ್ರುಸೆಲ್ಲಾ ಮೆಲಿಟೆನ್ಸಿಸ್‌ಗೆ ಎರಿತ್ರಿಟಾಲ್ ಕೊಟ್ಟಾಗ ದಾಳಿಗೆ ಬೇಕಾದ ಜೀನ್‌ಗಳೂ ಚುರುಕಾಗುತ್ತವೆ ಎಂದು 2013ರ ಒಂದು ಕೆಲಸ ತೋರಿಸಿದೆ. "ತಲುಪಬೇಕಾದ ಜಾಗ ಬಂತು" ಅಂತ ಅದಕ್ಕೆ ಗೊತ್ತಾಗುವುದು ಹೀಗಿರಬಹುದು. ನನ್ನ ಅಭಿಪ್ರಾಯದಲ್ಲಿ ಎರಿತ್ರಿಟಾಲ್ ಬ್ರುಸೆಲ್ಲಾವನ್ನು ಮಾಸಿನಲ್ಲಿ ಕೊಬ್ಬಿಸುತ್ತದೆ. ಅದೊಂದೇ ಅದನ್ನು ಅಲ್ಲಿಗೆ ಕರೆದು ತರುತ್ತದೆ ಎನ್ನಲು ಆಧಾರ ಸಾಲದು.

ಆ್ಯಂಟಿಬಯೋಟಿಕ್ ನುಂಗಿದ ಮೇಲೆ

ಕೊಟ್ಟಿಗೆ ಬಿಟ್ಟು ನಮ್ಮ ಹೊಟ್ಟೆಯೊಳಗೆ ಬಂದರೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಇನ್ನೊಬ್ಬ ಸಿಗುತ್ತಾನೆ. ಆಸ್ಪತ್ರೆಯಲ್ಲಿ ಬಹಳ ದಿನ ಆ್ಯಂಟಿಬಯೋಟಿಕ್ ತೆಗೆದುಕೊಂಡವರಿಗೆ ಬರುವ ಕೆಟ್ಟ ಭೇದಿಗೆ ಇದು ಕಾರಣವಾಗುತ್ತದೆ. ಔಷಧಿಯಿಂದ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಜಾಗ ಖಾಲಿಯಾಗುತ್ತದೆ ಎಂದು ಮೊದಲಿನಿಂದ ಹೇಳುತ್ತಿದ್ದರು. ಜಾಗದ ಜೊತೆಗೆ ಊಟವೂ ಉಳಿಯುತ್ತದೆ ಎಂಬುದು 2014ರಲ್ಲಿ ಇಲಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಕಂಡಿತು. ಆ್ಯಂಟಿಬಯೋಟಿಕ್ ಕೊಟ್ಟ ಇಲಿಗಳ ಕರುಳಿನಲ್ಲಿ ಮ್ಯಾನಿಟಾಲ್, ಸಾರ್ಬಿಟಾಲ್ ಏರಿದ್ದವು. ಡಿಫಿಸಿಲ್ ಅವುಗಳ ಮೇಲೆ ಬೆಳೆಯಬಲ್ಲದು.

2021ರಲ್ಲಿ ಇನ್ನೊಂದು ಗುಟ್ಟು ಹೊರಬಿತ್ತು. ಈ ರೋಗಾಣು ಬಿಡುವ ವಿಷ ಕರುಳಿನ ಗೋಡೆಗೆ ಗಾಯ ಮಾಡುತ್ತದೆ. ಗಾಯವಾದ ಕಡೆ ಆಲ್ಡೋಸ್ ರಿಡಕ್ಟೇಸ್, ಆಗಲೇ ಹೇಳಿದ ಅದೇ ಕಿಣ್ವ, ಹೆಚ್ಚಾಗುತ್ತದೆ. ಅದು ಸಾರ್ಬಿಟಾಲ್ ತಯಾರಿಸುತ್ತದೆ. ಡಿಫಿಸಿಲ್ ಅದನ್ನು ತಿನ್ನುತ್ತದೆ. ಹೊಡೆದವನೇ ಏಟು ತಿಂದವರ ಮನೆಯಲ್ಲಿ ಉಂಡುಹೋಗುವ ಲೆಕ್ಕ.

ಒಳ್ಳೆಯ ಬ್ಯಾಕ್ಟೀರಿಯಾ ಹೇಗೆ ಕಾಪಾಡುತ್ತವೆ ಎಂಬುದಕ್ಕೂ ಇಲ್ಲೇ ಉತ್ತರದ ಒಂದು ತುಂಡು ಇದೆ. ಅದೇ ವರ್ಷ, ಬೆರಳೆಣಿಕೆಯ ಬಗೆಯ ಬ್ಯಾಕ್ಟೀರಿಯಾ ಮಾತ್ರ ಇಟ್ಟು ಬೆಳೆಸಿದ ಇಲಿಗಳಲ್ಲಿ, ಕರುಳಿನ ಸಾಮಾನ್ಯ ಇ. ಕೋಲಿ ಗ್ಯಾಲಕ್ಟಿಟಾಲ್ ಅನ್ನು ಮೊದಲೇ ತಿಂದು ಮುಗಿಸಿ ಸಾಲ್ಮೊನೆಲ್ಲಾ ಬೆಳೆಯದಂತೆ ತಡೆದದ್ದು ಕಂಡಿತು. ಆದರೆ ಇ. ಕೋಲಿ ಒಂದೇ ಇದ್ದರೆ ಸಾಲದು. ಉಳಿದ ಊಟ ಮುಗಿಸುವ ಬೇರೆ ಬ್ಯಾಕ್ಟೀರಿಯಾಗಳೂ ಜೊತೆಗಿದ್ದಾಗ ಮಾತ್ರ ಈ ಪೈಪೋಟಿಗೆ ಬೆಲೆ. ಒಂದೇ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲ್ ನುಂಗಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ಜಾಹೀರಾತುಗಳನ್ನು ನಂಬುವ ಮುಂಚೆ ಇದನ್ನು ನೆನೆಯಬೇಕು.

ಹಸಿ ಹಾಲಿನಲ್ಲಿ ಬರಬಲ್ಲ ಲಿಸ್ಟೀರಿಯಾ ನಮ್ಮ ಜೀವಕೋಶದ ಒಳಗೆ ಹೋಗಿ ಗ್ಲಿಸರಾಲ್ ತಿನ್ನುತ್ತದೆ. ನೀರಿನ ತೊಟ್ಟಿಗಳಲ್ಲಿ ಬೆಳೆದು ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಇನೋಸಿಟಾಲ್ ಎಂಬ ಉಂಗುರದಾಕಾರದ ಸಕ್ಕರೆ ಆಲ್ಕೋಹಾಲ್ ಬಳಸುತ್ತದೆ. ಪಟ್ಟಿ ಇನ್ನೂ ಉದ್ದವಿದೆ, ಬಿಡಿ.

ಕ್ಷಯದ ಕಥೆ ಮಾತ್ರ ಹೇಳಲೇಬೇಕು. 1887ರಿಂದಲೇ ಕ್ಷಯದ ಬ್ಯಾಕ್ಟೀರಿಯಾ ಬೆಳೆಸಲು ಗ್ಲಿಸರಾಲ್ ಹಾಕುವ ರೂಢಿ ಬಂತು, ಯಾಕೆಂದರೆ ಅದರಲ್ಲಿ ಅದು ಸೊಂಪಾಗಿ ಬೆಳೆಯುತ್ತದೆ. 2010ರಲ್ಲಿ ಪ್ರಕಟವಾದ ಕೆಲಸವೊಂದರಲ್ಲಿ ಸಂಶೋಧಕರು ಹೀಗೆ ಬೆಳೆಸಿದ ಬ್ಯಾಕ್ಟೀರಿಯಾದ ಮೇಲೆ ಹೊಸ ಔಷಧಿಗಳನ್ನು ಹುಡುಕಿದರು. ಗಾಜಿನ ಬಟ್ಟಲಲ್ಲಿ ಚೆನ್ನಾಗಿ ಕೊಂದ ಔಷಧಿ ಇಲಿಯಲ್ಲಿ ಏನೂ ಮಾಡಲಿಲ್ಲ. ಆ ಔಷಧಿಯ ಬಲವೆಲ್ಲ ಗ್ಲಿಸರಾಲ್ ಮೇಲೆ ನಿಂತಿತ್ತು, ದೇಹದೊಳಗೆ ಕ್ಷಯದ ರೋಗಾಣು ಗ್ಲಿಸರಾಲ್ ಅನ್ನು ನೆಚ್ಚಿಕೊಂಡೇ ಇರಲಿಲ್ಲ. ರೋಗಾಣು ಏನು ತಿನ್ನಬಲ್ಲದು ಎಂಬುದು ಒಂದು, ನಮ್ಮೊಳಗೆ ನಿಜವಾಗಿ ಏನು ತಿನ್ನುತ್ತದೆ ಎಂಬುದು ಇನ್ನೊಂದು. ಈ ಕ್ಷೇತ್ರದ ಅರ್ಧ ಜಗಳ ಇದರ ಸುತ್ತಲೇ ಇದೆ.

ಊಟದ ಈ ವ್ಯತ್ಯಾಸ ಲ್ಯಾಬ್‌ನವರಿಗೆ ದಿನದ ಕೆಲಸಕ್ಕೂ ಬರುತ್ತದೆ. ಕೀವಿನ ಮಾದರಿಯನ್ನು ಮ್ಯಾನಿಟಾಲ್ ಮತ್ತು ಜಾಸ್ತಿ ಉಪ್ಪು ಹಾಕಿದ ತಟ್ಟೆಯ ಮೇಲೆ ಬೆಳೆಸುತ್ತಾರೆ. ಸ್ಟ್ಯಾಫಿಲೋಕಾಕಸ್ ಆರಿಯಸ್ ಇದ್ದರೆ ಮ್ಯಾನಿಟಾಲ್ ಹುಳಿಯಾಗಿ ತಟ್ಟೆ ಹಳದಿಗೆ ತಿರುಗುತ್ತದೆ. ರಕ್ತಭೇದಿ ತರುವ ಇ. ಕೋಲಿ ಒ157 ಸಾಮಾನ್ಯವಾಗಿ ಸಾರ್ಬಿಟಾಲ್ ಹುಳಿಸುವುದಿಲ್ಲ. ಬೇರೆ ಇ. ಕೋಲಿಗಳು ಹೆಚ್ಚಾಗಿ ಹುಳಿಸುತ್ತವೆ. ಸಾರ್ಬಿಟಾಲ್ ತಟ್ಟೆಯ ಮೇಲೆ ಬಣ್ಣವಿಲ್ಲದ ಚುಕ್ಕೆ ಕಂಡರೆ ಅನುಮಾನ ಶುರು.

ಇಷ್ಟು ಓದಿದ ಮೇಲೆ ಸಕ್ಕರೆ ಕಾಯಿಲೆ ಇರುವವರು ಕೇಳಬಹುದು: ಅಂಗಡಿಯಲ್ಲಿ ಸಿಗುವ ಎರಿತ್ರಿಟಾಲ್ ಪುಡಿ ಚಹಾಕ್ಕೆ ಹಾಕಿಕೊಂಡರೆ ಕಂದು ರೋಗ ಬರುತ್ತಾ? ಬರುವುದಿಲ್ಲ. ರೋಗಾಣು ಮೈಯೊಳಗೆ ಹೊಕ್ಕರೆ ತಾನೇ ರೋಗ? ನಾವು ತಿಂದ ಎರಿತ್ರಿಟಾಲ್‌ನ ಬಹುಪಾಲು ಬದಲಾಗದೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಝೈಲಿಟಾಲ್ ಅಂತೂ ಹಲ್ಲು ಹುಳುಕು ಮಾಡುವ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್‌ಗೆ ತೊಡಕು. ಫ್ರಕ್ಟೋಸ್‌ನ ಬಾಗಿಲಿಂದ ಒಳಗೆ ಬರುತ್ತದೆ, ಫಾಸ್ಫೇಟ್ ಅಂಟಿಸಿಕೊಳ್ಳುತ್ತದೆ, ಮುಂದೆ ಅರಗುವುದಿಲ್ಲ. ಸ್ಟ್ರೇನ್ 19ಕ್ಕೆ ಎರಿತ್ರಿಟಾಲ್ ಮಾಡಿದ್ದು ನೆನಪಿದೆಯಲ್ಲ, ಹಾಗೆಯೇ.

ಕಂದು ರೋಗ ನಮಗೆ ಬರುವ ದಾರಿಗಳು ಬೇರೆ. ಹಸಿ ಹಾಲು ಒಂದು ದಾರಿ. ಆಡಿನ ಹಸಿ ಹಾಲು ಮಕ್ಕಳಿಗೆ ಒಳ್ಳೆಯದು ಅಂತ ಕುಡಿಸುವವರು ಇನ್ನೂ ಇದ್ದಾರೆ. ಕಾಯಿಸಿದರೆ ಈ ರೋಗಾಣು ಸಾಯುತ್ತದೆ. ಇನ್ನೊಂದು ದೊಡ್ಡ ದಾರಿ ಆ ಮಾಸೇ. ಎರಿತ್ರಿಟಾಲ್ ಉಂಡು ಬೆಳೆದ ಕೋಟಿಗಟ್ಟಲೆ ರೋಗಾಣು ಅದರಲ್ಲಿರುತ್ತವೆ. ಬರಿಗೈಯಲ್ಲಿ ಮಾಸು ತೆಗೆದರೆ ಕೈಯ ಸಣ್ಣ ಗೀರೂ ಸಾಕು. ಪ್ಲಾಸ್ಟಿಕ್ ಗ್ಲೌಸ್ ಹಾಕಿಕೊಳ್ಳಬೇಕು. ಕಂದು, ಮಾಸು ಎರಡನ್ನೂ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ತಿಪ್ಪೆಗೆ ಎಸೆದರೆ ನಾಯಿ ಎಳೆದಾಡಿ ಊರೆಲ್ಲ ಹರಡುತ್ತದೆ.

ಲಸಿಕೆಯ ವಿಷಯದಲ್ಲಿ ಒಂದು ಕೊರತೆ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಂದು ರೋಗದ ಲಸಿಕೆ ಸಿಗುವುದು 4ರಿಂದ 8 ತಿಂಗಳ ಆಕಳು, ಎಮ್ಮೆಗಳ ಹೆಣ್ಣು ಕರುಗಳಿಗೆ, ಒಂದೇ ಸಲ. ಆ ವಯಸ್ಸು ದಾಟಿದರೆ ಅವಕಾಶ ಹೋಯಿತು. ಆಡು-ಕುರಿ ಆ ಪಟ್ಟಿಯಲ್ಲಿಲ್ಲ. ಆದರೆ ಮನುಷ್ಯರಿಗೆ ಎಲ್ಲಕ್ಕಿಂತ ಜೋರಾಗಿ ಕಾಡುವ ಬ್ರುಸೆಲ್ಲಾ ಮೆಲಿಟೆನ್ಸಿಸ್ ಇರುವುದು ಅವುಗಳಲ್ಲೇ. ಯಾದಗಿರಿ, ಸುರಪುರ ಕಡೆಯ ಕುರಿಗಾಹಿಗಳು ಹಿಂಡು ಹೊಡೆದುಕೊಂಡು ಊರೂರು ತಿರುಗುತ್ತಾರೆ. ಮರಿ ಹಾಕಿಸುವುದು, ಮಾಸು ತೆಗೆಯುವುದು ಎಲ್ಲ ಹೊಲದಲ್ಲೇ, ಬರಿಗೈಯಲ್ಲೇ. ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಬೀದರಿನಲ್ಲಿದೆ. ಈ ಕಡೆಯ ಕುರಿಗಾಹಿಗಳ ರೋಗದ ಬಗ್ಗೆ ಅಲ್ಲಿಂದಲೇ ಜೋರು ದನಿ ಬರಬೇಕು ಅಂತ ನನ್ನ ಆಸೆ.

ಬಂದು ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ-ಕೀಲು ನೋವು, ಗಂಡಸರಲ್ಲಿ ಬೀಜ ಬಾತುಕೊಳ್ಳುವುದು ಇದರ ಲಕ್ಷಣ. ಟೈಫಾಯ್ಡ್ ಅಂತಲೋ ಕ್ಷಯ ಅಂತಲೋ ತಪ್ಪಾಗಿ ತಿಳಿಯುವುದು ಸುಲಭ. ರೋಸ್ ಬೆಂಗಾಲ್ ಎಂಬ ಅಗ್ಗದ ರಕ್ತ ಪರೀಕ್ಷೆಯಲ್ಲಿ ಸುಳಿವು ಸಿಗುತ್ತದೆ. ರೋಗಾಣು ಜೀವಕೋಶದ ಒಳಗೆ ಅಡಗುವುದರಿಂದ ಎರಡು ಬಗೆಯ ಔಷಧಿ ಸೇರಿಸಿ, ಸಾಮಾನ್ಯವಾಗಿ ಆರು ವಾರ ಕೊಡುತ್ತಾರೆ. ನಡುವೆ ಬಿಟ್ಟರೆ ಮರಳುತ್ತದೆ. ಮನೆಯಲ್ಲಿ ಆಡು, ಕುರಿ, ದನ ಇದ್ದರೆ, ಅದರಲ್ಲೂ ಇತ್ತೀಚೆಗೆ ಯಾವುದಾದರೂ ಕಂದು ಹಾಕಿದ್ದರೆ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.